ಗೆಲಕ್ಸಿಗಳ ಖಾನೇಷುಮಾರಿ

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯು ಮಲೆನಾಡಿನ ಸೆರಗಿನಲ್ಲಿದೆ. ಕಾಫಿಯ ತೋಟಗಳೂ, ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳೂ ಉಳ್ಳ ಈ ಸೀಮೆಯಲ್ಲಿ ಮಳೆಯು ಹಿಂದೆಗೆದು ಕಾರ್ತಿಕ ಮಾಸವು ಬಂದಿತೆಂದರೆ ಆಕಾಶವು ತೊಳೆದಿಟ್ಟಂತೆ ನಿರ್ಮಲವಾಗುವುದು. ಆ ಮಾಸದ ಕೃಷ್ಣಪಕ್ಷದಲ್ಲಿ ರಾತ್ರಿ ಒಂಬತ್ತು ಗಂಟೆಯ ವೇಳೆಗೆ ಅಂಗಳದಲ್ಲಿ ನಿಂತು ಮೇಲೆ ನೋಡತಕ್ಕವರಿಗೆ ನೆತ್ತಿಯ ಸಮೀಪದಲ್ಲಿ ನಾಲ್ಕು ನಕ್ಷತ್ರಗಳ ಒಂದು ದೊಡ್ಡ ಚೌಕವು ಕಾಣುವುದು. ಪಂಚಾಂಗದಲ್ಲಿ ನಾವು ಓದುವ ಪೂರ್ವಾಭಾದ್ರಾ, ಉತ್ತರಾಭಾದ್ರಾ ನಕ್ಷತ್ರಗಳು ಇವೇ. ಈ ಚೌಕದ ಈಶಾನ್ಯ ಮೂಲೆಯಿಂದ ಹೊರಟು, ಅದೇ ದಿಕ್ಕಿನಲ್ಲಿ ಎರಡು ನಕ್ಷತ್ರಗಳನ್ನು ಎಣಿಸಿ, ಎರಡನೆಯದರಿಂದ ವಾಯವ್ಯಕ್ಕೆ ತಿರುಗಿ ಇನ್ನೆರಡು ಮಂಕು ನಕ್ಷತ್ರಗಳನ್ನು ದಾಟಿದರೆ, ಅಲ್ಲಿ ಒರಸಿಬಿಟ್ಟ ಸುಣ್ಣದ ಕಲೆಯಂತೆ ಒಂದು ಮಬ್ಬು ಬೆಳಕಿದೆ. ಅದೇ ದೇವಯಾನಿ. ಅದು ಮೋಡವೂ ಅಲ್ಲ, ನಕ್ಷತ್ರವೂ ಅಲ್ಲ. ನಮ್ಮ ಆಕಾಶಗಂಗೆಯ ಹಾಗೆಯೇ ಸಾವಿರಾರು ಕೋಟಿ ನಕ್ಷತ್ರಗಳು ಕೂಡಿದ ಬೇರೊಂದು ಸಮೂಹ. ಇಂಥ ಸಮೂಹಗಳಿಗೆ ಈಗ ಗೆಲಕ್ಸಿಗಳೆಂದು ಹೆಸರು. ಈ ರಾತ್ರಿ ನಮ್ಮ ಕಣ್ಣನ್ನು ಸೇರುವ ದೇವಯಾನಿಯ ಬೆಳಕು ಅಲ್ಲಿಂದ ಹೊರಟು ಸುಮಾರು ೨೫ ಲಕ್ಷ ವರ್ಷಗಳಾದುವು. ಆಗ ಭೂಮಿಯ ಮೇಲೆ ಈಗಿನ ರೂಪದ ಮನುಷ್ಯನೇ ಇರಲಿಲ್ಲ.

ಯಂತ್ರಗಳ ಸಹಾಯವಿಲ್ಲದೆ ನಾವು ಸುಲಭವಾಗಿ ಕಾಣಬಹುದಾದ ಅತ್ಯಂತ ದೂರದ ವಸ್ತುವು ಇದೇ. ಆದರೆ ಗೆಲಕ್ಸಿಗಳ ಲೆಕ್ಕದಲ್ಲಿ ದೇವಯಾನಿಯು ಪಕ್ಕದ ಮನೆಯವಳು. ಅವಳಾಚೆಗೆ ಎಣಿಕೆಗೆ ಸಿಕ್ಕದಷ್ಟು ಗೆಲಕ್ಸಿಗಳಿವೆ. ಸರಕಾರದವರು ಹತ್ತು ವರ್ಷಕ್ಕೊಮ್ಮೆ ಊರೂರಿಗೆ ಜನರನ್ನು ಕಳುಹಿಸಿ ಖಾನೇಷುಮಾರಿಯನ್ನು ತೆಗೆಯುವಂತೆ, ಈ ಗೆಲಕ್ಸಿಗಳ ಮನೆಮನೆಯ ಲೆಕ್ಕವನ್ನು ತೆಗೆಯುವ ಉದ್ಯೋಗವೊಂದು ಜಗತ್ತಿನಲ್ಲಿ ಅನೇಕ ವರ್ಷಗಳಿಂದ ನಡೆದಿದೆ. ಪ್ರತಿಯೊಂದರ ಹೆಸರು, ವಿಳಾಸ, ವಯಸ್ಸು, ಆಸ್ತಿ, ಅದು ಓಡುತ್ತಿರುವ ವೇಗ, ಇವೆಲ್ಲವೂ ಆ ಲೆಕ್ಕದಲ್ಲಿ ಸೇರುವುವು. ಅಷ್ಟು ದೂರದ ವಸ್ತುವನ್ನು ಮುಟ್ಟದೆ, ಹತ್ತಿರ ಹೋಗದೆ, ಇದನ್ನೆಲ್ಲ ತಿಳಿಯುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರವು ನಮ್ಮ ಅಡಿಗೆಯ ಮನೆಯಲ್ಲಿಯೇ ಇದೆ.

ಒಲೆಯ ಮೇಲಿನ ಸಾರು ಉಕ್ಕಿ ಚೆಲ್ಲಿದಾಗ ಗ್ಯಾಸಿನ ನೀಲಿಯ ಉರಿಯು ಒಡನೆಯೇ ಹಳದಿಯಾಗುವುದನ್ನು ಗೃಹಿಣಿಯರೆಲ್ಲರೂ ಕಂಡಿದ್ದಾರೆ. ಸಾರಿನಲ್ಲಿರುವ ಉಪ್ಪೇ ಇದಕ್ಕೆ ಕಾರಣ. ಉಪ್ಪಿನಲ್ಲಿ ಸೋಡಿಯಮ್ ಎಂಬ ಧಾತುವಿದೆ. ಅದು ಉರಿಯಲ್ಲಿ ಕಾದಾಗ ಹಳದಿಯನ್ನೇ ಸೂಸುವುದು, ಬೇರೆ ಬಣ್ಣವನ್ನು ಬಹುಮಟ್ಟಿಗೆ ಸೂಸದು. ಆ ಬೆಳಕನ್ನು ಮೂರು ಮುಖದ ಗಾಜಿನ ಮೂಲಕ ಹಾಯಿಸಿ ಬಿಡಿಸಿದರೆ, ಮಳೆಬಿಲ್ಲಿನಂತೆ ಏಳು ಬಣ್ಣಗಳ ಪಟ್ಟಿಯು ಬಾರದೆ, ಹಳದಿಯ ಜಾಗದಲ್ಲಿ ಒತ್ತೊತ್ತಾಗಿ ಎರಡು ಗೆರೆಗಳು ಮಾತ್ರ ಬೆಳಗುವುವು. ಬೆಳಕನ್ನು ಹೀಗೆ ಬಿಡಿಸಿದಾಗ ದೊರೆಯುವ ಪಟ್ಟಿಗೆ ವರ್ಣಪಟಲವೆಂದು ಹೆಸರು. ಜಲಜನಕ, ಆಮ್ಲಜನಕ, ಕಬ್ಬಿಣ, ಸುಣ್ಣದಲ್ಲಿನ ಕ್ಯಾಲ್ಸಿಯಮ್, ಒಂದೊಂದಕ್ಕೂ ವರ್ಣಪಟಲದಲ್ಲಿ ಅದರದೇ ಗೆರೆಗಳುಂಟು. ಒಂದರ ಗೆರೆಗಳ ಹೊಂದಿಕೆಯು ಮತ್ತೊಂದಕ್ಕೆ ಬಾರದು. ಹೆಬ್ಬೆರಳಿನ ಗುರುತಿನಿಂದ ಮನುಷ್ಯನನ್ನು ಹಿಡಿಯುವಂತೆ ಈ ಗೆರೆಗಳಿಂದ ಧಾತುವನ್ನು ಹಿಡಿಯಬಹುದು. ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ವಿದ್ವಾಂಸರು ೧೮೫೯-೬೦ರಲ್ಲಿ ಇದನ್ನು ಸ್ಥಾಪಿಸಿದರು. ಅಂದಿನಿಂದ ಆಕಾಶದ ಜ್ಯೋತಿಗಳು ಯಾವ ದ್ರವ್ಯದಿಂದ ಆದುವೆಂಬುದನ್ನು ಇಲ್ಲಿಯೇ ಕುಳಿತು ಹೇಳುವುದು ಸಾಧ್ಯವಾಯಿತು.

ಈ ವಿದ್ಯೆಯು ಹುಟ್ಟಿದ ಹತ್ತು ವರ್ಷದೊಳಗಾಗಿ ನಮ್ಮ ಕನ್ನಡ ನಾಡಿಗೆ ಬಂದಿತೆಂಬ ಸಂಗತಿಯು ಎಷ್ಟು ಜನಕ್ಕೆ ಗೊತ್ತೋ ಕಾಣೆವು. ೧೮೬೮ನೆಯ ಇಸವಿ ಆಗಸ್ಟ್ ೧೮ರಂದು ಪೂರ್ಣ ಸೂರ್ಯಗ್ರಹಣವಾಯಿತು. ಅದರ ನೆರಳಿನ ಪಟ್ಟಿಯು ಭಾರತವನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾಯ್ದುಹೋಯಿತು. ಫ್ರಾನ್ಸಿನ ಜಾನ್ಸೆನ್ ಎಂಬವನು ಗುಂಟೂರಿನಲ್ಲಿ ಬೀಡುಬಿಟ್ಟನು. ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಗೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಸೈನಿಕ ಎಂಜಿನಿಯರನು ಲಂಡನ್ನಿನ ರಾಯಲ್ ಸೊಸೈಟಿಯವರು ಒದಗಿಸಿದ ವರ್ಣಪಟಲದರ್ಶಕದೊಡನೆ ಬಂದನು. ಮಳೆಗಾಲದ ಮೋಡಗಳ ಅಡ್ಡಿಯ ನಡುವೆಯೂ ಸೂರ್ಯನ ಅಂಚಿನಿಂದ ಚಾಚಿದ್ದ ಜ್ವಾಲೆಗಳಲ್ಲಿ ಅವನಿಗೆ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಉಜ್ವಲ ಗೆರೆಗಳು ಕಂಡುವು. ಜ್ವಾಲೆಗಳು ಅನಿಲವೆಂಬುದು ಇದರಿಂದ ಸಿದ್ಧವಾಯಿತು. ಕಿತ್ತಳೆಯಾಗಿ ತೋರಿದ ಗೆರೆಯು ಉಪ್ಪಿನ ಸೋಡಿಯಮ್ಮಿನದೇ ಎಂದು ಮೊದಲು ಭಾವಿಸಲಾಗಿದ್ದಿತು. ಸೂಕ್ಷ್ಮವಾಗಿ ಅಳೆದಾಗ ಅದು ಸೋಡಿಯಮ್ಮಿನ ಗೆರೆಗಳ ಪಕ್ಕದ್ದೇ ಹೊರತು ಅವುಗಳ ಮೇಲಿನದಲ್ಲವೆಂದು ತಿಳಿಯಿತು. ಭೂಮಿಯ ಮೇಲೆ ಯಾರೂ ಕಾಣದಿದ್ದ ಒಂದು ಧಾತುವಿನ ಗುರುತು ಅದಾಗಿದ್ದಿತು. ಸೂರ್ಯನ ಗ್ರೀಕ್ ಹೆಸರಿನಿಂದ ಅದನ್ನು ಹೀಲಿಯಮ್ ಎಂದು ಕರೆದರು. ಅದು ನೆಲದ ಮೇಲೆ ದೊರೆತದ್ದು ೧೮೯೫ರಲ್ಲಿ.

ಈ ಹರ್ಷೆಲನ ವಂಶವು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದದ್ದು. ಇವನ ತಾತನೇ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್. ಆತನು ತನ್ನ ಕೈಯಾರೆ ಉಜ್ಜಿ ಮಾಡಿದ ಕನ್ನಡಿಗಳ ದೂರದರ್ಶಕದಿಂದ, ತಂಗಿ ಕೆರೊಲಿನಳು ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿರಲು, ಆಕಾಶದ ಮಬ್ಬು ಕಲೆಗಳನ್ನು ಸುಮಾರು ೨,೫೦೦ರವರೆಗೆ ಪಟ್ಟಿಮಾಡಿದನು. ಮಗನಾದ ಸರ್ ಜಾನ್ ಹರ್ಷೆಲನು ಆಫ್ರಿಕದ ದಕ್ಷಿಣ ತುದಿಗೆ ಹೋಗಿ ಆ ಪಟ್ಟಿಯನ್ನು ದಕ್ಷಿಣಾಕಾಶಕ್ಕೂ ಬೆಳೆಸಿದನು. ಮೊಮ್ಮಗನು ಭಾರತಕ್ಕೆ ಬಂದು ಗ್ರಹಣವನ್ನು ನೋಡಿದ್ದೇ ಅಲ್ಲದೆ, ದಕ್ಷಿಣಾಕಾಶದ ಕೆಲವು ಮಬ್ಬು ಕಲೆಗಳ ಬೆಳಕನ್ನು ಬಿಡಿಸಿ ನೋಡಿ, ಅದೇ ೧೮೬೮ರಲ್ಲಿ ರಾಯಲ್ ಸೊಸೈಟಿಗೆ ವರದಿಯನ್ನು ಕಳುಹಿಸಿದನು. ತಾತನು ಎಣಿಸಿದ್ದನ್ನು ಮೊಮ್ಮಗನು ವಿಚಾರಿಸಲು ಹೊರಟನೆಂದು ಹೇಳಬಹುದು. ಅದಕ್ಕೆ ನಾಲ್ಕು ವರ್ಷ ಮುಂಚೆ ಇಂಗ್ಲೆಂಡಿನಲ್ಲಿ ವಿಲಿಯಂ ಹಗಿನ್ಸನು ಇಂಥ ಕಲೆಗಳಲ್ಲಿ ಕೆಲವು ಬರಿಯ ಅನಿಲವೆಂದೂ, ದೇವಯಾನಿಯಂಥವುಗಳ ಬೆಳಕು ಮಾತ್ರ ನಕ್ಷತ್ರಗಳ ಬೆಳಕಿನಂತೆ ಅಖಂಡವಾದ ಪಟ್ಟಿಯೆಂದೂ ಕಂಡಿದ್ದನು. ಎರಡೂ ಒಂದೇ ಜಾತಿಯವಲ್ಲವೆಂಬುದಕ್ಕೆ ಅದೇ ಮೊದಲನೆಯ ಸಾಕ್ಷಿ.

ಗೆರೆಗಳು ಧಾತುವನ್ನು ತಿಳಿಸುವುದಲ್ಲದೆ ಚಲನೆಯನ್ನೂ ತಿಳಿಸುವುವು. ಅರಸೀಕೆರೆಯ ಜಂಕ್ಷನ್ನಿನಲ್ಲಿ ನಿಲ್ಲದೆ ಹೋಗುವ ರೈಲು ಸೀಟಿ ಹಾಕುತ್ತ ಬರುವಾಗ ಅದರ ದನಿಯು ತಾರದಲ್ಲಿದ್ದು, ನಮ್ಮನ್ನು ದಾಟಿದೊಡನೆಯೇ ತಗ್ಗುವುದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಕೇಳಿರಬಹುದು. ಬೆಳಕಿಗೂ ಹೀಗೆಯೇ. ಹತ್ತಿರಕ್ಕೆ ಬರುವ ವಸ್ತುವಿನ ಗೆರೆಗಳು ವರ್ಣಪಟಲದಲ್ಲಿ ನೀಲಿಯ ಕಡೆಗೂ, ದೂರ ಸರಿಯುವುದರ ಗೆರೆಗಳು ಕೆಂಪಿನ ಕಡೆಗೂ ಜರುಗುತ್ತವೆ. ಅಮೆರಿಕದ ಲೋವೆಲ್ ವೇಧಶಾಲೆಯಲ್ಲಿ ವೆಸ್ಟೊ ಸ್ಲೈಫರನು ೧೯೧೨ರಲ್ಲಿ ದೇವಯಾನಿಯ ಬೆಳಕನ್ನು ಗಂಟೆಗಟ್ಟಲೆ ಒಂದೇ ಫೋಟೋ ಫಲಕದ ಮೇಲೆ ಬೀಳಿಸಿ, ಅವಳು ಸೆಕೆಂಡಿಗೆ ಸುಮಾರು ೩೦೦ ಕಿಲೊಮೀಟರಿನಂತೆ ನಮ್ಮ ಕಡೆಗೆ ಬರುತ್ತಿರುವಳೆಂದು ಅಳೆದನು. ಸೂರ್ಯನು ಆಕಾಶಗಂಗೆಯಲ್ಲಿ ಸುತ್ತುವ ವೇಗವನ್ನು ಕಳೆದರೆ ಉಳಿಯುವುದು ಸುಮಾರು ೧೧೦. ಎಂದೋ ಒಂದು ಕಾಲಕ್ಕೆ ಈ ಎರಡು ಗೆಲಕ್ಸಿಗಳಿಗೆ ಡಿಕ್ಕಿಯಾಗುವುದು ಖಂಡಿತವೆಂದು ವರ್ತಮಾನಪತ್ರಗಳು ಬಹುಕಾಲ ಬರೆದುವು. ೨೦೨೫ರಲ್ಲಿ ಪ್ರಕಟವಾದ ಗಣಿತವು, ಮುಂದಿನ ೧,೦೦೦ ಕೋಟಿ ವರ್ಷಗಳಲ್ಲಿ ಹಾಗಾಗುವ ಸಂಭವವು ಅರ್ಧಕ್ಕರ್ಧವೆಂದು ಹೇಳುತ್ತದೆ. ಆದುದರಿಂದ ವಾಚಕರು ಈ ವಿಷಯದಲ್ಲಿ ನಿದ್ದೆಗೆಡಬೇಕಾಗಿಲ್ಲ.

ಸ್ಲೈಫರನು ೧೯೧೭ರ ವೇಳೆಗೆ ೨೫ ಸುರುಳಿ ಕಲೆಗಳನ್ನು ಅಳೆದಿದ್ದನು. ಅವುಗಳಲ್ಲಿ ೨೧ ದೂರಕ್ಕೆ ಓಡುತ್ತಿದ್ದುವು. ಅವು ನಮ್ಮ ಆಕಾಶಗಂಗೆಯ ಹೊರಗಿನವೆಂಬುದು ಆಗ ಇನ್ನೂ ವಾದದಲ್ಲಿದ್ದಿತು. ಎಡ್ವಿನ್ ಹಬ್ಬಲ್ಲನು ೧೯೨೩ರಲ್ಲಿ ದೇವಯಾನಿಯಲ್ಲಿ ಬೆಳಕು ಏರಿಳಿಯುವ ಒಂದು ಬಗೆಯ ನಕ್ಷತ್ರವನ್ನು ಗುರುತಿಸಿ ಆ ವಾದವನ್ನು ಮುಗಿಸಿದನು. ದೂರ ಹೆಚ್ಚಿದಷ್ಟೂ ಓಟದ ವೇಗವೂ ಹೆಚ್ಚೆಂಬ ನಿಯಮವನ್ನು ೧೯೨೯ರಲ್ಲಿ ಪ್ರಕಟಿಸಿದನು. ಬೆಲ್ಜಿಯಮ್ಮಿನ ಪಾದ್ರಿ ಲಮೇತ್ರನು ೧೯೨೭ರಲ್ಲಿಯೇ ಗಣಿತದಿಂದ ಇದೇ ಮಾತನ್ನು ಹೇಳಿದ್ದನು. ಹಬ್ಬಲ್ಲನಿಗೆ ವರ್ಣಪಟಲಗಳನ್ನು ತೆಗೆದುಕೊಟ್ಟ ಮಿಲ್ಟನ್ ಹ್ಯೂಮಸನನ ಕಥೆಯನ್ನು ಶಾಲೆಯ ಮಕ್ಕಳಿರುವ ಮನೆಗಳಲ್ಲಿ ಹೇಳದೆ ಬಿಡಬಾರದು. ಅವನ ಓದು ಹದಿನಾಲ್ಕನೆಯ ವಯಸ್ಸಿಗೆ ನಿಂತಿತು. ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ವೇಧಶಾಲೆಯನ್ನು ಕಟ್ಟುವಾಗ ಹೇಸರಗತ್ತೆಗಳ ಮೇಲೆ ಸಾಮಾನು ಹೊರಿಸಿಕೊಂಡು ಹೋಗುವವನಾಗಿದ್ದನು. ಆ ಮೇಲೆ ಅಲ್ಲಿಯೇ ಜಾಡಮಾಲಿಯಾದನು. ಆ ಮೇಲೆ ರಾತ್ರಿಯ ಸಹಾಯಕನಾದನು. ಕಡೆಗೆ ಆ ಕಾಲದಲ್ಲಿ ಮಂಕು ಗೆಲಕ್ಸಿಗಳ ವರ್ಣಪಟಲವನ್ನು ತೆಗೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲವಾಯಿತು.

ಎಲ್ಲವೂ ನಮ್ಮಿಂದ ಓಡುತ್ತಿರಬೇಕಾದರೆ ನಾವೇ ನಡುವೆಯಿದ್ದೇವೆಯೆ? ಇಲ್ಲ. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟಿನಲ್ಲಿ ಅಲ್ಲಲ್ಲಿ ಕಾಳುಮೆಣಸನ್ನು ಹುದುಗಿಸಿಟ್ಟಿದ್ದೇವೆಂದು ಭಾವಿಸಿರಿ. ಹಿಟ್ಟು ಉಬ್ಬಿದಂತೆಲ್ಲ ಯಾವ ಕಾಳಿನಿಂದ ನೋಡಿದರೂ ಉಳಿದ ಕಾಳುಗಳು ದೂರ ಸರಿಯುವುವು. ಎರಡರಷ್ಟು ದೂರದ್ದು ಎರಡರಷ್ಟು ವೇಗವಾಗಿ ಸರಿಯುವುದು. ಕಾಳುಗಳಿಗೆ ಕಾಲು ಬಂದಿಲ್ಲ, ಹಿಟ್ಟೇ ಹಿಗ್ಗಿದೆ. ವಿಶ್ವದಲ್ಲಿಯೂ ಆಕಾಶವೇ ಹಿಗ್ಗುತ್ತಿರುವುದರಿಂದ ಅದರಲ್ಲಿ ಪಯಣಿಸುವ ಬೆಳಕಿನ ಅಲೆಯೂ ಜಗ್ಗಿ ಉದ್ದವಾಗುತ್ತದೆ. ಗೆರೆಗಳು ಕೆಂಪಿನ ಕಡೆಗೆ ಜರುಗುವುದರ ನಿಜವಾದ ಕಾರಣವು ಇದು. ಜರುಗಿದ್ದು ಎಷ್ಟೆಂದು ಅಳೆದರೆ ಬೆಳಕು ಹೊರಟಂದಿನಿಂದ ವಿಶ್ವವು ಎಷ್ಟು ಪಟ್ಟು ಹಿಗ್ಗಿತೆಂಬುದು ತಿಳಿಯುವುದು. ಅದರಿಂದ ಬೆಳಕು ಎಷ್ಟು ವರ್ಷದ ಹಿಂದೆ ಹೊರಟಿತೆಂಬುದನ್ನು ಲೆಕ್ಕಹಾಕಬಹುದು. ದೇವಯಾನಿಯಂಥ ನೆರೆಯವರಲ್ಲಿ ಪರಸ್ಪರ ಆಕರ್ಷಣೆಯು ಈ ಹಿಗ್ಗನ್ನು ಮೀರಿಸಿರುವುದರಿಂದ ಅವರು ಇದಕ್ಕೆ ಹೊರತು.

ಖಾನೇಷುಮಾರಿಯ ಪ್ರಯೋಜನವು ಇಲ್ಲಿ ತೋರುವುದು. ಒಂದು ಗೆಲಕ್ಸಿಯು ಹುಟ್ಟಿ ಬೆಳೆದು ಮುಪ್ಪಾಗುವುದನ್ನು ಕುಳಿತು ನೋಡಲು ಯಾವ ಮನುಷ್ಯನಿಗೂ ಆಯುಸ್ಸು ಸಾಲದು. ಆದರೆ ಒಂದು ಜಾತ್ರೆಗೆ ಹೋದವನು ಕಂಕುಳ ಕೂಸನ್ನೂ, ಶಾಲೆಯ ಹುಡುಗನನ್ನೂ, ಮದುವೆಯ ವಯಸ್ಸಿನವರನ್ನೂ, ಕೋಲು ಹಿಡಿದ ಮುದುಕರನ್ನೂ ಒಂದೇ ದಿನದಲ್ಲಿ ನೋಡಿ ಮನುಷ್ಯನ ಜೀವನಕ್ರಮವನ್ನು ಊಹಿಸಬಲ್ಲನಷ್ಟೆ? ಆಕಾಶದಲ್ಲಿ ಇನ್ನೂ ಒಂದು ಅನುಕೂಲವುಂಟು. ದೂರವೆಂದರೆ ಅಲ್ಲಿ ಹಿಂದಿನ ಕಾಲವೆಂದು ಅರ್ಥ. ೧೦೦ ಕೋಟಿ ವರ್ಷ ಪಯಣಿಸಿದ ಬೆಳಕು ೧೦೦ ಕೋಟಿ ವರ್ಷದ ಹಿಂದಿನ ಸುದ್ದಿಯನ್ನು ತರುವುದು. ಸುದ್ದಿಯ ಅಕ್ಷರಗಳೇ ವರ್ಣಪಟಲದ ಗೆರೆಗಳು. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಗೆಲಕ್ಸಿಗಳಲ್ಲಿ ಜಲಜನಕ, ಆಮ್ಲಜನಕಗಳ ಗೆರೆಗಳು ಬೆಳಗುತ್ತಿರುವುವು. ಹುಟ್ಟು ನಿಂತುಹೋದ ಗೆಲಕ್ಸಿಗಳಲ್ಲಿ ಬೆಳಗುವ ಗೆರೆಗಳು ಇಲ್ಲವಾಗಿ, ಮುದಿ ನಕ್ಷತ್ರಗಳ ಕ್ಯಾಲ್ಸಿಯಮ್ ಮೊದಲಾದವುಗಳ ಕಪ್ಪು ಗೆರೆಗಳು ಎದ್ದು ಕಾಣುವುವು. ಹೀಗೆ ಲಕ್ಷಾಂತರ ಗೆಲಕ್ಸಿಗಳನ್ನು ಕಾಲಾನುಕ್ರಮವಾಗಿ ಜೋಡಿಸಿದಾಗ ಗೊತ್ತಾದದ್ದೇನೆಂದರೆ, ೧,೩೮೦ ಕೋಟಿ ವರ್ಷಗಳ ವಿಶ್ವದ ಆಯುಸ್ಸಿನಲ್ಲಿ ನಕ್ಷತ್ರಗಳ ಹುಟ್ಟು ಈಗಿನಿಂದ ಸುಮಾರು ೧,೦೦೦ ಕೋಟಿ ವರ್ಷಗಳ ಹಿಂದೆ ತುತ್ತತುದಿಯನ್ನು ಮುಟ್ಟಿತು. ಅಲ್ಲಿಂದೀಚೆಗೆ ಇಳಿಯುತ್ತ ಬಂದು ಈಗ ಅಂದಿನದರ ಹತ್ತರಲ್ಲೊಂದು ಪಾಲಿನ ಸುಮಾರಿಗಿದೆ. ವಿಶ್ವದ ಸುಗ್ಗಿಯು ನಾವು ಹುಟ್ಟುವುದಕ್ಕೆ ಬಹಳ ಮುಂಚೆಯೇ ಕಳೆದುಹೋಯಿತು.

ಲೆಕ್ಕವನ್ನು ತೆಗೆಯುವ ಬಗೆಯೂ ಕಾಲಕ್ಕೆ ತಕ್ಕಂತೆ ಬೆಳೆಯಿತು. ಮೊದಮೊದಲು ಒಂದು ರಾತ್ರಿಗೆ ಒಂದು ಗೆಲಕ್ಸಿಯಾದರೆ ಹೆಚ್ಚು. ೧೯೮೬ರಲ್ಲಿ ಅಮೆರಿಕದ ಮಾರ್ಗರೆಟ್ ಗೆಲ್ಲರ್, ಜಾನ್ ಹುಕ್ರಾ ಮತ್ತು ಫ್ರಾನ್ಸಿನ ವಲೆರಿ ದ ಲಪರಾಂ ಎಂಬವರು ಸುಮಾರು ೧,೧೦೦ ಗೆಲಕ್ಸಿಗಳ ನಕ್ಷೆಯನ್ನು ಪ್ರಕಟಿಸಿದಾಗ ಜಗತ್ತಿಗೆ ಆಶ್ಚರ್ಯವಾಯಿತು. ಗೆಲಕ್ಸಿಗಳು ಆಕಾಶದಲ್ಲಿ ಎರಚಿದ ಅಕ್ಷತೆಯಂತೆ ಸಮನಾಗಿ ಹರಡಿರಲಿಲ್ಲ. ಸಾಬೂನಿನ ನೊರೆಯ ಗುಳ್ಳೆಗಳ ಹೊರಮೈಯಲ್ಲಿ ಅಂಟಿಕೊಂಡಂತೆ ಇದ್ದುವು, ಗುಳ್ಳೆಗಳ ಒಳಗು ಬಹುಮಟ್ಟಿಗೆ ಬರಿದಾಗಿದ್ದಿತು. ಆ ಬಳಿಕ ೧೯೯೭ರಿಂದ ೨೦೦೨ರವರೆಗೆ ಆಸ್ಟ್ರೇಲಿಯದಲ್ಲಿ, ಒಂದೇ ಸಲಕ್ಕೆ ೪೦೦ ಗೆಲಕ್ಸಿಗಳ ಬೆಳಕನ್ನು ೪೦೦ ಗಾಜಿನ ಎಳೆಗಳಿಂದ ಹಿಡಿದು, ೨,೨೧,೦೦೦ ಗೆಲಕ್ಸಿಗಳನ್ನು ಲೆಕ್ಕಕ್ಕೆ ಸೇರಿಸಿದರು. ೨೦೦೦ದಲ್ಲಿ ಆರಂಭವಾದ ಸ್ಲೋನ್ ಸರ್ವೆಯವರ ಉಪಾಯವು ನಮ್ಮ ಸೀಮೆಯ ಕುಶಲಕರ್ಮಿಗಳಿಗೆ ಮೆಚ್ಚುಗೆಯಾಗುವಂಥದು. ಅಂದಂದಿನ ಆಕಾಶಭಾಗದಲ್ಲಿ ಗೆಲಕ್ಸಿಗಳು ಎಲ್ಲೆಲ್ಲಿರುವುವೋ ಅಲ್ಲಲ್ಲಿಗೆ ಸರಿಯಾಗಿ ಅಲ್ಯೂಮಿನಿಯಮ್ ತಟ್ಟೆಯೊಂದರಲ್ಲಿ ೬೪೦ ರಂಧ್ರಗಳನ್ನು ಕೊರೆದು, ಹಗಲಲ್ಲಿ ಕೆಲಸಗಾರರು ಒಂದೊಂದು ರಂಧ್ರಕ್ಕೂ ಕೈಯಿಂದಲೇ ಗಾಜಿನ ಎಳೆಯನ್ನು ಸಿಕ್ಕಿಸಿ, ರಾತ್ರಿ ದೂರದರ್ಶಕಕ್ಕೆ ತೊಡಿಸುತ್ತಿದ್ದರು. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳಲ್ಲಿ ಬೆಳಕು ಚೌಕಚೌಕವಾಗಿ ಒಳಗೆ ಬೀಳುವುದನ್ನು ಕಂಡವರು ಇಂಥ ತಟ್ಟೆಯನ್ನು ಊಹಿಸಿಕೊಳ್ಳಬಲ್ಲರು. ಕೈಕೆಲಸದ ಆ ಕಾಲವೂ ಕಳೆದು, ೨೦೨೧ರಲ್ಲಿ ಅರಿಜೋನ ಸೀಮೆಯ ಕಿಟ್ ಪೀಕ್ ಬೆಟ್ಟದ ಮೇಲೆ ಸರ್ವೆಯನ್ನು ಆರಂಭಿಸಿದ ಡೆಸಿ ಎಂಬ ಯಂತ್ರದಲ್ಲಿ ೫,೦೦೦ ಪುಟ್ಟ ಯಂತ್ರದ ಕೈಗಳು ೫,೦೦೦ ಎಳೆಗಳನ್ನು ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ಗುರಿಗೆ ಹಿಡಿಯುವುವು.

ಇದೆಲ್ಲವೂ ಪರದೇಶದವರ ವೈಭವವಾಯಿತು, ನಮ್ಮವರ ಪಾಲೇನೆಂದು ವಾಚಕರು ಕೇಳುವುದು ನ್ಯಾಯವೇ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆ ಎಂಬಲ್ಲಿ, ೪,೫೦೦ ಮೀಟರ್ ಎತ್ತರದ ಸರಸ್ವತಿ ಪರ್ವತದ ಮೇಲೆ, ಎರಡು ಮೀಟರ್ ಅಡ್ಡಳತೆಯ ಕನ್ನಡಿಯುಳ್ಳ ದೂರದರ್ಶಕವನ್ನು ಸ್ಥಾಪಿಸಿದರು. ೨೦೦೦ದ ಸೆಪ್ಟೆಂಬರಿನಲ್ಲಿ ಅದು ಮೊದಲ ಬೆಳಕನ್ನು ಕಂಡಿತು. ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಅದಕ್ಕಿಟ್ಟಿದ್ದಾರೆ. ಆ ಎತ್ತರದಲ್ಲಿ ಗಾಳಿಯು ತೆಳುವು, ಚಳಿಯು ಸೊನ್ನೆಗಿಂತ ಬಹಳ ಕೆಳಕ್ಕೆ ಇಳಿಯುವಂಥದು. ರಾತ್ರಿಯೆಲ್ಲ ಕುಳಿತು ಕೆಲಸ ಮಾಡುವುದು ಕಷ್ಟ. ಆದುದರಿಂದ ಅದನ್ನು ನಡೆಸುವವರು ಕುಳಿತಿರುವುದು ನಮ್ಮ ಬೆಂಗಳೂರಿಗೆ ಪೂರ್ವದಲ್ಲಿರುವ ಹೊಸಕೋಟೆಯಲ್ಲಿ! ಅಲ್ಲಿಂದ ಕೊಟ್ಟ ಅಪ್ಪಣೆಯು ಕೃತಕ ಉಪಗ್ರಹದ ಮೂಲಕ ಹಾನ್ಲೆಗೆ ಹೋಗುವುದು, ಅಲ್ಲಿ ಹಿಡಿದ ವರ್ಣಪಟಲವು ಹಾಗೆಯೇ ಹಿಂದಿರುಗುವುದು. ೨೦೦೧ರ ಜೂನ್ ತಿಂಗಳಲ್ಲಿ ಮೊದಲು ಈ ಸಂಪರ್ಕವನ್ನು ಕಲ್ಪಿಸಿದ್ದು ಇನ್ಸಾಟ್-೩ಬಿ ಎಂಬ ಉಪಗ್ರಹ. ಭೂಮಿಯಿಂದ ಸುಮಾರು ೩೬,೦೦೦ ಕಿಲೊಮೀಟರ್ ಮೇಲಿದ್ದ ಆ ಉಪಗ್ರಹವನ್ನು ಅದರ ಸ್ಥಾನದಲ್ಲಿ ನಿಲ್ಲಿಸಿ ಕಾಯುತ್ತಿದ್ದವರು ಯಾರು? ೧೯೮೨ರಲ್ಲಿ ನಮ್ಮ ಹಾಸನದಲ್ಲಿಯೇ ಸ್ಥಾಪಿತವಾದ ಇಸ್ರೋ ಸಂಸ್ಥೆಯ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವರು. ಬಿಕ್ಕೋಡಿನವರು ಕಚೇರಿಯ ಕೆಲಸಕ್ಕೆಂದು ಹೋಗಿಬರುವ ಜಿಲ್ಲೆಯ ಪಟ್ಟಣವು ಹೀಗೆ ಹಿಮಾಲಯದ ದೂರದರ್ಶಕಕ್ಕೂ ಹೊಸಕೋಟೆಗೂ ನಡುವಿನ ಸೇತುವೆಯನ್ನು ಕಾಯುತ್ತಿದ್ದಿತು. ಎರಡು ಮೀಟರಿನ ಕನ್ನಡಿಯು ದೊಡ್ಡ ಖಾನೇಷುಮಾರಿಗೆ ಸಾಲದೆಂಬುದು ನಿಜ. ಆದರೆ ದೂರದ ಗೆಲಕ್ಸಿಯೊಂದರಲ್ಲಿ ನಕ್ಷತ್ರವು ಸಿಡಿದ ಸುದ್ದಿ ಬಂದೊಡನೆ ಅದರ ವರ್ಣಪಟಲವನ್ನು ತೆಗೆದು, ಅದು ಯಾವ ಜಾತಿಯ ಸಿಡಿತವೆಂದು ನಿರ್ಣಯಿಸುವುದರಲ್ಲಿ ಅದು ಒಳ್ಳೆಯ ಕೆಲಸವನ್ನು ಮಾಡಿದೆ. ಈ ಸಿಡಿತಗಳ ಮಹತ್ವವನ್ನು ಮುಂದೆ ಹೇಳುತ್ತೇವೆ.

ಪರರು ತೆಗೆದ ಲೆಕ್ಕದಲ್ಲಿ ನಮ್ಮವರು ಹೊಸದನ್ನು ಕಂಡದ್ದೂ ಉಂಟು. ಸ್ಲೋನ್ ಸರ್ವೆಯ ಲೆಕ್ಕವು ಎಲ್ಲರಿಗೂ ತೆರೆದದ್ದು. ಅದನ್ನು ಶೋಧಿಸಿ ಜಯದೀ‌ಪ್ ಬಾಗ್ಚಿಯವರೂ ಅವರ ಸಂಗಡಿಗರೂ ೨೦೧೭ರಲ್ಲಿ, ಮೀನರಾಶಿಯ ದಿಕ್ಕಿನಲ್ಲಿ, ಸುಮಾರು ೪೦೦ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಗೆಲಕ್ಸಿಗಳ ಒಂದು ಮಹಾಗುಂಪನ್ನು ಕಂಡುಹಿಡಿದರು. ಅದರ ಉದ್ದವು ಸುಮಾರು ೬೦ ಕೋಟಿ ಜ್ಯೋತಿರ್ವರ್ಷ. ಅದಕ್ಕೆ ಅವರು ಇಟ್ಟ ಹೆಸರು ಸರಸ್ವತಿ. ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರ, ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೊಮೀಟರು. ಇದನ್ನು ೬೦ ಕೋಟಿಯಿಂದ ಗುಣಿಸುವ ಕೆಲಸವನ್ನು ಮನೆಯ ಮಕ್ಕಳಿಗೆ ಬಿಡುತ್ತೇವೆ. ಇನ್ನೊಂದು ಸಂಗತಿ: ೨೦೧೫ರ ಸೆಪ್ಟೆಂಬರ್ ೨೮ರಂದು ಇಸ್ರೋ ಸಂಸ್ಥೆಯವರು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ, ನಮ್ಮ ಕಣ್ಣಿಗೆ ತೋರದ ಅತಿನೇರಿಳೆಯ ಬೆಳಕನ್ನು ಹಿಡಿಯುವ ದೂರದರ್ಶಕವಿದ್ದಿತು. ಅದನ್ನು ಜೋಡಿಸಿದ್ದು ಹೊಸಕೋಟೆಯ ಅದೇ ಆವರಣದಲ್ಲಿ. ಅದರ ಕನ್ನಡಿಯು ನಮ್ಮ ಅನ್ನದ ತಟ್ಟೆಗಿಂತ ಬಹಳ ದೊಡ್ಡದೇನಲ್ಲ, ೩೭೫ ಮಿಲಿಮೀಟರು. ಅಷ್ಟರಿಂದಲೇ, ಪುಣೆಯ ಕನಕ್ ಸಾಹಾ ಅವರ ತಂಡವು ೨೮ ಗಂಟೆಗಳ ಬೆಳಕನ್ನು ಕೂಡಿಸಿ, ೯೩೦ ಕೋಟಿ ವರ್ಷಗಳ ಹಿಂದೆ ಒಂದು ಗೆಲಕ್ಸಿಯಿಂದ ಹೊರಟ ಅತ್ಯಂತ ತೀಕ್ಷ್ಣವಾದ ಅತಿನೇರಿಳೆಯ ಕಿರಣಗಳನ್ನು ಗುರುತಿಸಿತು. ಇದು ೨೦೨೦ರಲ್ಲಿ ಪ್ರಕಟವಾಯಿತು. ಆದಿಯಲ್ಲಿ ವಿಶ್ವವನ್ನೆಲ್ಲ ತುಂಬಿದ್ದ ಜಲಜನಕದ ಮಂಜನ್ನು ಕರಗಿಸಿದ್ದು ಇಂಥ ಕಿರಣಗಳೇ ಎಂದು ವಿದ್ವಾಂಸರು ನಂಬಿರುವುದರಿಂದ, ಅವು ಗೆಲಕ್ಸಿಯಿಂದ ಹೊರಗೆ ತಪ್ಪಿಸಿಕೊಂಡು ಬರಬಲ್ಲವೆಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ದೊಡ್ಡ ಲಾಭ.

ಆ ಆದಿಕಾಲವನ್ನೇ ನೋಡುವುದು ೨೦೨೧ರ ಡಿಸೆಂಬರಿನಲ್ಲಿ ಹಾರಿಸಿದ ವೆಬ್ ದೂರದರ್ಶಕದ ಕೆಲಸ. ಅದರ ವರ್ಣಪಟಲದರ್ಶಕದ ಮುಂದೆ ಸುಮಾರು ೨,೫೦,೦೦೦ ಪುಟ್ಟ ಕದಗಳಿವೆ; ಒಂದೊಂದೂ ಕೂದಲೆಳೆಯ ಕೆಲವು ಪಟ್ಟು ಅಗಲವುಳ್ಳದ್ದು. ಬೇಕಾದ ಗೆಲಕ್ಸಿಯ ಮುಂದಿನ ಕದವನ್ನು ತೆರೆದು, ಉಳಿದುವನ್ನು ಮುಚ್ಚಿ, ಅನೇಕ ಗೆಲಕ್ಸಿಗಳ ಬೆಳಕನ್ನು ಒಮ್ಮೆಗೇ ಬಿಡಿಸುವರು. ೨೦೨೪ರಲ್ಲಿ ಹೀಗೆ ಅಳೆದ ಒಂದು ಗೆಲಕ್ಸಿಯ ಬೆಳಕಿನ ಅಲೆಯು ೧೫ ಪಟ್ಟಿನಷ್ಟು ಜಗ್ಗಿದ್ದಿತು. ವಿಶ್ವವು ಹುಟ್ಟಿ ಸುಮಾರು ೩೦ ಕೋಟಿ ವರ್ಷಗಳಾಗಿದ್ದಾಗ ಹೊರಟ ಬೆಳಕು ಅದು. ಮರುವರ್ಷ ಚಿಲಿ ದೇಶದ ಆಲ್ಮಾ ವೇಧಶಾಲೆಯವರು ಅದೇ ಗೆಲಕ್ಸಿಯಲ್ಲಿ ಆಮ್ಲಜನಕದ ಗೆರೆಯನ್ನು ಕಂಡರು. ಆಮ್ಲಜನಕವು ನಕ್ಷತ್ರಗಳ ಗರ್ಭದಲ್ಲಿ ಬೇಯಬೇಕು, ನಕ್ಷತ್ರವು ಸತ್ತ ಮೇಲೆ ಹೊರಬರಬೇಕು. ಅಷ್ಟು ಬೇಗನೆ ಒಂದು ತಲೆಮಾರಾದರೂ ನಕ್ಷತ್ರಗಳು ಹುಟ್ಟಿ ಸತ್ತಿದ್ದುವೆಂದು ಇದರ ಅರ್ಥ. ಇಷ್ಟು ಬೇಗ ಇಷ್ಟು ಪ್ರಕಾಶವಾದ ಗೆಲಕ್ಸಿಗಳಿರುವುವೆಂದು ಮೊದಲು ಯಾರೂ ಎಣಿಸಿರಲಿಲ್ಲವಾದ್ದರಿಂದ ಗೆಲಕ್ಸಿಗಳ ಹುಟ್ಟಿನ ಗಣಿತವನ್ನೇ ತಿದ್ದುವ ಕೆಲಸ ನಡೆದಿದೆ.

ವಿಶ್ವದ ಕೊನೆಯ ಪ್ರಶ್ನೆಯೂ ಈ ಲೆಕ್ಕದ ಮೇಲೆಯೇ ನಿಂತಿದೆ. ೧೯೯೮ರಲ್ಲಿ ಎರಡು ತಂಡಗಳವರು, ನಾವು ಮೇಲೆ ಹೇಳಿದ ನಕ್ಷತ್ರಸಿಡಿತಗಳಲ್ಲಿ ಒಂದು ಜಾತಿಯದನ್ನು ದೂರದ ಅಳತೆಗೋಲಾಗಿ ಹಿಡಿದು, ವಿಶ್ವದ ಹಿಗ್ಗು ನಿಧಾನವಾಗುವುದರ ಬದಲು ವೇಗವಾಗುತ್ತಿದೆಯೆಂದು ಕಂಡರು. ಇದಕ್ಕಾಗಿ ಪರ್ಲ್‌ಮಟರ್, ಶ್ಮಿಟ್, ರೀಸ್ ಎಂಬವರಿಗೆ ೨೦೧೧ರ ನೊಬೆಲ್ ಪಾರಿತೋಷಕವು ಬಂದಿತು. ಹಿಗ್ಗಿಸುವ ಆ ಶಕ್ತಿಗೆ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟರು. ಹೆಸರಿಟ್ಟ ಮಾತ್ರಕ್ಕೆ ಅದು ಗೊತ್ತಾದಂತಲ್ಲವೆಂಬುದನ್ನು ಹೆಸರಿಟ್ಟವರೇ ಒಪ್ಪುವರು. ಅದು ಎಂದೆಂದಿಗೂ ಬದಲಾಗದ ಶಕ್ತಿಯೆಂದು ಬಹುಮಂದಿಯ ಮತವಾಗಿದ್ದಿತು. ಡೆಸಿ ಸರ್ವೆಯವರು ಬೇರೊಂದು ಅಳತೆಗೋಲನ್ನು ಹಿಡಿದರು. ಹಳೇಬೀಡಿನ ದ್ವಾರಸಮುದ್ರದ ಕೆರೆಯಲ್ಲಿ ಕಲ್ಲೆಸೆದರೆ ಅಲೆಯು ಬಳೆಯಂತೆ ಹರಡುವುದಷ್ಟೆ. ಆ ಕ್ಷಣದಲ್ಲಿಯೇ ನೀರು ಹೆಪ್ಪುಗಟ್ಟಿದರೆ ಬಳೆಯ ಅಳತೆಯು ಹಾಗೆಯೇ ಉಳಿಯುವುದು. ಆದಿವಿಶ್ವದಲ್ಲಿ ಎದ್ದ ಅಲೆಗಳು ಹಾಗೆಯೇ ನಿಂತು, ಇಂದಿಗೆ ಸುಮಾರು ೫೦ ಕೋಟಿ ಜ್ಯೋತಿರ್ವರ್ಷಗಳ ಅಳತೆಯಾಗಿ ಗೆಲಕ್ಸಿಗಳ ಹಂಚಿಕೆಯಲ್ಲಿ ಅಚ್ಚೊತ್ತಿವೆ. ಈ ಅಳತೆಯು ಯಾವ ಯಾವ ಕಾಲದಲ್ಲಿ ಎಷ್ಟೆಷ್ಟಾಗಿ ಕಾಣುವುದೆಂದು ಸುಮಾರು ಒಂದೂವರೆ ಕೋಟಿ ಗೆಲಕ್ಸಿ ಮತ್ತು ಕ್ವೇಸಾರುಗಳಿಂದ ಲೆಕ್ಕಹಾಕಿ, ಬೇರೆಯವರ ಅಳತೆಗಳೊಡನೆ ಕೂಡಿಸಿ ನೋಡಿದಾಗ, ಹಿಗ್ಗಿಸುವ ಶಕ್ತಿಯು ಕಾಲಕ್ರಮದಲ್ಲಿ ಕುಗ್ಗುತ್ತಿರುವಂತೆ ತೋರಿತೆಂದು ಅವರು ೨೦೨೫ರ ಮಾರ್ಚ್‌ನಲ್ಲಿ ತಿಳಿಸಿದರು. ಸಿದ್ಧಾಂತವೆಂದು ಸಾರಲು ಬೇಕಾದಷ್ಟು ಬಲವು ಆ ಸಾಕ್ಷಿಗೆ ಆಗ ಇರಲಿಲ್ಲವೆಂದು ಅವರೇ ಸ್ಪಷ್ಟವಾಗಿ ಬರೆದಿದ್ದಾರೆ. ಈ ಎಚ್ಚರವನ್ನು ನಾವು ಬಹಳ ಮೆಚ್ಚುತ್ತೇವೆ. ಅದು ನಿಜವಾದಲ್ಲಿ, ವಿಶ್ವವು ಎಂದೆಂದಿಗೂ ಹಿಗ್ಗುತ್ತ ಕತ್ತಲೆಯಲ್ಲಿ ಚೆದರಿಹೋಗುವುದೆಂಬ ಮಾತನ್ನು ಮರಳಿ ವಿಚಾರಿಸಬೇಕಾಗುವುದು.

ಇಂಥ ಕೆಲಸಕ್ಕೆಲ್ಲ ಮೊದಲು ಬೇಕಾದ ಬಂಡವಾಳವೆಂದರೆ ಕತ್ತಲೆ. ಪಟ್ಟಣಗಳ ದೀಪಗಳಿಂದ ಆಕಾಶವು ಬೆಳಗಿ ನಕ್ಷತ್ರಗಳು ಮಾಯವಾಗುತ್ತಿವೆ. ಹಾನ್ಲೆಯ ಸುತ್ತಣ ೧,೦೭೩ ಚದರ ಕಿಲೊಮೀಟರ್ ಪ್ರದೇಶವನ್ನು ೨೦೨೨ರ ಡಿಸೆಂಬರಿನಲ್ಲಿ ಕತ್ತಲೆಯ ಆಕಾಶದ ಮೀಸಲು ಸೀಮೆಯೆಂದು ಸಾರಿದ್ದು ಇದರಿಂದಲೇ. ಅಲ್ಲಿನ ಹಳ್ಳಿಯವರು ರಾತ್ರಿ ಕಿಟಕಿಗಳಿಗೆ ದಪ್ಪ ಪರದೆಯನ್ನಿಳಿಸುತ್ತಾರೆ. ಅವರಲ್ಲಿ ಕೆಲವರಿಗೆ ದೂರದರ್ಶಕಗಳನ್ನು ಕೊಟ್ಟು, ಬಂದ ಪ್ರವಾಸಿಗಳಿಗೆ ಆಕಾಶವನ್ನು ತೋರಿಸುವ ಶಿಕ್ಷಣವನ್ನು ಕೊಟ್ಟಿರುವುದರಿಂದ ಕತ್ತಲೆಯೇ ಅವರಿಗೆ ಸಂಪಾದನೆಯ ದಾರಿಯೂ ಆಗಿದೆ. ನಮ್ಮ ಬೇಲೂರು ತಾಲ್ಲೂಕಿನಲ್ಲಿ ಕಾಡಾನೆಗಳ ಹಾವಳಿಯಿರುವುದರಿಂದ ದೀಪವನ್ನಾರಿಸಿರೆಂದು ಬಿಕ್ಕೋಡಿನ ತೋಟದವರಿಗೆ ಹೇಳುವ ಧೈರ್ಯವು ನಮಗಿಲ್ಲ. ದೀಪದ ಮೇಲೊಂದು ತಗಡಿನ ಮುಸುಕನ್ನು ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸಿದರೆ ಆನೆಯೂ ಕಂಡೀತು, ನಕ್ಷತ್ರವೂ ಉಳಿದೀತು, ವಿದ್ಯುತ್ತಿನ ಬಿಲ್ಲೂ ತಗ್ಗೀತು ಎಂದಷ್ಟೇ ಹೇಳಬಲ್ಲೆವು.

ದೂರದರ್ಶಕವಿಲ್ಲದವರಿಗೂ ಈ ಕೆಲಸದಲ್ಲಿ ಸ್ಥಳವುಂಟು. ೨೦೦೭ರಲ್ಲಿ ಗೆಲಕ್ಸಿ ಜೂ ಎಂಬ ಹೆಸರಿನಿಂದ, ಸ್ಲೋನ್ ಸರ್ವೆಯ ಗೆಲಕ್ಸಿಗಳ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟು, ಸುರುಳಿಯೋ ಉಂಡೆಯೋ ಎಂದು ವಿಂಗಡಿಸಿಕೊಡಬೇಕೆಂದು ಬೇಡಿದರು. ಹಾಲೆಂಡಿನ ಹಾನಿ ಎಂಬ ಶಾಲೆಯ ಉಪಾಧ್ಯಾಯಿನಿಯು ಬಿಡುವಿನಲ್ಲಿ ಇವನ್ನು ನೋಡುತ್ತಿರುವಾಗ ಒಂದು ಗೆಲಕ್ಸಿಯ ಪಕ್ಕದಲ್ಲಿ ಯಾರ ಲೆಕ್ಕದಲ್ಲಿಯೂ ಇಲ್ಲದ ವಿಚಿತ್ರವಾದ ಕಲೆಯೊಂದನ್ನು ಕಂಡು, ಇದೇನೆಂದು ವಿಚಾರಿಸಿದಳು. ವಿದ್ವಾಂಸರಿಗೂ ತಿಳಿಯಲಿಲ್ಲ. ವರ್ಣಪಟಲವನ್ನು ತೆಗೆದು ನೋಡಿದಾಗ ಅದು ಕಾದ ಅನಿಲದ ದೊಡ್ಡ ಮೋಡವೆಂದೂ, ಪಕ್ಕದ ಗೆಲಕ್ಸಿಯ ನಡುವೆ ಹಿಂದೆ ಉರಿದು ಆರಿದ ಜ್ವಾಲೆಯ ಬೆಳಕಿನಿಂದ ಇನ್ನೂ ಹೊಳೆಯುತ್ತಿದೆಯೆಂದೂ ಗೊತ್ತಾಯಿತು. ಆ ಮೋಡಕ್ಕೆ ಈಗ ಅವಳದೇ ಹೆಸರು. ಬೇಲೂರಿನಲ್ಲಾಗಲಿ ಬಿಕ್ಕೋಡಿನಲ್ಲಾಗಲಿ ಇಂಟರ್‌ನೆಟ್ ಸೌಕರ್ಯವುಳ್ಳ ಯಾವ ವಿದ್ಯಾರ್ಥಿಯೂ ಸ್ಲೋನ್ ಸರ್ವೆಯ ವರ್ಣಪಟಲಗಳನ್ನು ಕಾಸಿಲ್ಲದೆ ತೆರೆದು ನೋಡಬಹುದು. ಡೆಸಿ ಸರ್ವೆಯವರೂ ೨೦೨೫ರ ಮಾರ್ಚ್‌ನಲ್ಲಿ ಗೆಲಕ್ಸಿ, ಕ್ವೇಸಾರು, ನಕ್ಷತ್ರಗಳೆಲ್ಲ ಸೇರಿ ೧ ಕೋಟಿ ೮೭ ಲಕ್ಷ ಜ್ಯೋತಿಗಳ ಲೆಕ್ಕವನ್ನು ಹೀಗೆಯೇ ಬಿಚ್ಚಿಟ್ಟರು. ಅವುಗಳಲ್ಲಿ ಬಹುಪಾಲನ್ನು ಓದಿರುವುದು ಯಂತ್ರಗಳೇ; ಮನುಷ್ಯರ ಕಣ್ಣು ಒಂದೊಂದಾಗಿ ನೋಡಿರುವುದು ಬಹಳ ಕೊಂಚ.